ಯಾವ ಕೋಣೆಯ ಕಿಟಕಿಗೆ ಯಾವ ಬ್ಲೈಂಡ್ಸ್

ಬ್ಲೈಂಡ್ಸ್ ಅಂಗಡಿಯಲ್ಲಿ ಮೊದಲು ಕೈಗೆ ಸಿಗುವುದು ಬಟ್ಟೆ ತುಂಡುಗಳ ಪುಸ್ತಕ. ಸೋಫಾಕ್ಕೆ ಹೊಂದುವ ಬಣ್ಣ ಹುಡುಕಿ, ಚದರಡಿಗೆ ಎಷ್ಟು ಎಂದು ಕೇಳಿ, ಮನೆಯ ಎಲ್ಲ ಕಿಟಕಿಗೂ ಒಂದೇ ಥರದ್ದನ್ನು ಹೇಳಿಬಿಡುವವರೇ ಹೆಚ್ಚು. ಹಾಕಿಸಿ ಕೆಲವು ವಾರ ಕಳೆದ ಮೇಲೆ ಒಂದೊಂದೇ ಹೊರಬರುತ್ತದೆ. ಮಲಗುವ ಕೋಣೆಯಲ್ಲಿ ಬೆಳ್ಳಂಬೆಳಗ್ಗೆ ಅಂಚಿನಿಂದ ಬೆಳಕು ಮುಖಕ್ಕೆ ಹೊಡೆಯುತ್ತದೆ, ಅಡುಗೆಮನೆಯ ಬಟ್ಟೆ ಜಿಡ್ಡು ಹಿಡಿದು ಅಂಟುತ್ತದೆ, ಸೊಳ್ಳೆಪರದೆ ಸರಿಸಬೇಕಾದಾಗಲೆಲ್ಲ ಬ್ಲೈಂಡ್ ಎತ್ತಬೇಕಾಗುತ್ತದೆ. ಬಣ್ಣವನ್ನು ಕೊನೆಗೆ ನೋಡಿದರೆ ಸಾಕು. ಮೊದಲು ನೋಡಬೇಕಾದದ್ದು ಕಿಟಕಿಯ ದಿಕ್ಕು, ಆಮೇಲೆ ಅದರ ರೆಕ್ಕೆ ಯಾವ ಕಡೆ ತೆರೆಯುತ್ತದೆ ಮತ್ತು ಚೌಕಟ್ಟಿನೊಳಗೆ ಎಷ್ಟು ಆಳ ಉಳಿದಿದೆ ಎಂಬುದು. ಕೋಣೆ ಯಾವುದು ಎನ್ನುವ ಪ್ರಶ್ನೆ ಬರುವುದು ಇವೆಲ್ಲದರ ನಂತರ.

ಬಿಸಿಲು ಯಾವ ಕಡೆಯಿಂದ ಬರುತ್ತದೆ

ಫೋನಿನ ದಿಕ್ಸೂಚಿ ಹಿಡಿದು ಪ್ರತಿ ಕಿಟಕಿಯ ಎದುರು ನಿಂತು ದಿಕ್ಕು ಬರೆದುಕೊಳ್ಳಿ. ಗ್ರಿಲ್ಲಿನ ಕಬ್ಬಿಣಕ್ಕೆ ತೀರಾ ಹತ್ತಿರ ಹಿಡಿದರೆ ಮುಳ್ಳು ತಪ್ಪು ತೋರಿಸುತ್ತದೆ, ಮೂರಡಿ ಹಿಂದೆ ನಿಂತು ನೋಡಿ.

ಎಲ್ಲಕ್ಕಿಂತ ಕಾಡುವುದು ಪಶ್ಚಿಮದ ಕಿಟಕಿ. ಮಾರ್ಚ್ ತಿಂಗಳ ಸಂಜೆ ನಾಲ್ಕೂವರೆಗೆ ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 30 ಡಿಗ್ರಿ ಮೇಲಿರುತ್ತಾನೆ. ಮೇಲೆ ಎರಡಡಿ ಸಜ್ಜಾ ಇದ್ದರೂ ಅದರ ನೆರಳು ಗಾಜಿನ ಮೇಲೆ ಒಂದಡಿ ಚಿಲ್ಲರೆಯಷ್ಟೇ ಇಳಿಯುತ್ತದೆ, ಉಳಿದ ಗಾಜೆಲ್ಲ ಬಿಸಿಲಿಗೆ ತೆರೆದೇ ಇರುತ್ತದೆ. ಇಂಥ ಕಿಟಕಿಗೆ ಅಡ್ಡಪಟ್ಟಿಯ ವೆನಿಷಿಯನ್ ಬ್ಲೈಂಡ್ ಹಾಕಿದರೆ, ನೇರವಾಗಿ ನುಗ್ಗುವ ಬಿಸಿಲು ತಡೆಯಲು ಪಟ್ಟಿಗಳನ್ನು ಪೂರ್ತಿ ಮುಚ್ಚಲೇಬೇಕು. ಮುಚ್ಚಿದರೆ ಕೋಣೆ ಕತ್ತಲು, ಹಗಲಲ್ಲೇ ಲೈಟು. ಪೂರ್ವ ಪಶ್ಚಿಮಕ್ಕೆ ಉದ್ದಪಟ್ಟಿಯ ವರ್ಟಿಕಲ್ ಬ್ಲೈಂಡ್, ಇಲ್ಲವೇ ಸನ್‌ಸ್ಕ್ರೀನ್ ಬಟ್ಟೆಯ (ಸಣ್ಣ ತೂತುಗಳ ನೇಯ್ಗೆಯ) ರೋಲರ್, ಅಂದರೆ ಕೊಳವೆಗೆ ಸುತ್ತಿಕೊಳ್ಳುವ ಬ್ಲೈಂಡ್, ಒಳ್ಳೆಯದು. ಉದ್ದಪಟ್ಟಿಯನ್ನು ಸೂರ್ಯ ಇಲ್ಲದ ಕಡೆಗೆ ಓರೆ ಮಾಡಿದರೆ ನೇರ ಬಿಸಿಲು ನಿಂತು ಬೆಳಕು ಮಾತ್ರ ಒಳಗೆ ಬರುತ್ತದೆ.

ದಕ್ಷಿಣದ ಕಿಟಕಿಗೆ ಬಿಸಿಲು ಚಳಿಗಾಲದ್ದು. ಡಿಸೆಂಬರ್ 21ರ ಮಧ್ಯಾಹ್ನವೂ ಬೆಂಗಳೂರಿನಲ್ಲಿ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ನಾಲ್ಕಡಿ ಎತ್ತರದ ಕಿಟಕಿಗೆ ಎರಡಡಿ ಸಜ್ಜಾ ಇದ್ದರೆ ಆ ಹೊತ್ತಿಗೆ ಕೆಳಗಿನ ಒಂದೂಕಾಲು ಅಡಿಗೆ ಮಾತ್ರ ಬಿಸಿಲು ಬೀಳುತ್ತದೆ. ಮೇಲಿಂದ ಬರುವ ಈ ಬಿಸಿಲಿಗೆ ಅಡ್ಡಪಟ್ಟಿಯೇ ಸರಿ: ಪಟ್ಟಿಗಳನ್ನು ಸ್ವಲ್ಪ ವಾಲಿಸಿದರೆ ಬಿಸಿಲು ನಿಲ್ಲುತ್ತದೆ, ಗಾಳಿಗೂ ನೋಟಕ್ಕೂ ಅಡ್ಡಿಯಿಲ್ಲ.

ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎಂಬ ಮಾತು ನಮ್ಮ ಕಡೆ ಪೂರ್ತಿ ನಿಜವಲ್ಲ. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಈ ಎರಡರ ನಡುವಿನ ತಿಂಗಳುಗಳಲ್ಲಿ ಅವನು ಉತ್ತರಕ್ಕೆ ಸರಿದಿರುತ್ತಾನೆ, ಬೆಳಗ್ಗೆ ಸಂಜೆ ಉತ್ತರದ ಗಾಜಿಗೂ ಓರೆ ಬಿಸಿಲು ತಾಗುತ್ತದೆ. ಆದರೂ ಇದು ಸೌಮ್ಯ, ತೆಳು ಬಟ್ಟೆಯ ರೋಲರ್ ಅಥವಾ ಪಟ್ಟೆ ಪಟ್ಟೆಯ ಎರಡು ಪದರದ ಝೀಬ್ರಾ ಸಾಕು. ಇಲ್ಲಿ ಬೆಳಕನ್ನು ಪೂರ್ತಿ ತಡೆಯುವ ಬ್ಲ್ಯಾಕೌಟ್ ಬಟ್ಟೆಗೆ ದುಡ್ಡು ಸುರಿಯಬೇಕಾಗಿಲ್ಲ.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಒಳಗೆ ಹಾಕುವ ಬ್ಲೈಂಡ್ ಕಣ್ಣು ಕುಕ್ಕುವ ಬೆಳಕನ್ನು ತಡೆಯುವಷ್ಟು ಸೆಖೆಯನ್ನು ತಡೆಯುವುದಿಲ್ಲ. ಬಿಸಿಲು ಗಾಜು ದಾಟಿ ಒಳಗೆ ಬಂದಾಗಿದೆ, ಬ್ಲೈಂಡ್ ತಾನೇ ಕಾದು ಆ ಕಾವನ್ನು ಕೋಣೆಗೇ ಬಿಡುತ್ತದೆ. ಗಾಜಿನ ಕಡೆಯ ಮುಖ ಬಿಳಿಯೋ ಬೆಳ್ಳಿ ಲೇಪದ್ದೋ ಆಗಿದ್ದರೆ ಒಂದಷ್ಟು ಬಿಸಿಲು ಗಾಜಿನಾಚೆಗೇ ತಿರುಗಿ ಹೋಗುತ್ತದೆ. ನಿಜಕ್ಕೂ ಸೆಖೆ ತಗ್ಗಬೇಕಾದರೆ ನೆರಳು ಗಾಜಿನ ಹೊರಗಿರಬೇಕು: ಬಾಲ್ಕನಿಯಲ್ಲೋ ಜಗಲಿಯಲ್ಲೋ ಇಳಿಬಿಟ್ಟ ಬಿದಿರಿನ ಚಿಕ್ ದುಬಾರಿ ಒಳಬಟ್ಟೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಒಣ ಬೇಸಿಗೆಯಲ್ಲಿ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ ಒಳಬರುವ ಗಾಳಿ ತಂಪಾಗುತ್ತದೆ, ಯಾಕೆಂದರೆ ಅಲ್ಲಿ ನೀರು ಬೇಗ ಆವಿಯಾಗುತ್ತದೆ. ಅದೇ ತಟ್ಟಿಯನ್ನು ಮಂಗಳೂರಿನ ಏಪ್ರಿಲ್‌ನಲ್ಲಿ ಕಟ್ಟಿದರೆ ಗಾಳಿಯಲ್ಲಿರುವ ತೇವಕ್ಕೆ ಇನ್ನಷ್ಟು ತೇವ ಸೇರಿ ಮೈ ಅಂಟುತ್ತದೆ, ಅಷ್ಟೇ.

ಕಿಟಕಿಯನ್ನೊಮ್ಮೆ ತೆರೆದು ಮುಚ್ಚಿ ನೋಡಿ

ರೆಕ್ಕೆ ಹೊರಗೆ ತೆರೆಯುವ ಕಿಟಕಿಯಾದರೆ ಸಾಮಾನ್ಯವಾಗಿ ಗ್ರಿಲ್ ಒಳಗಿರುತ್ತದೆ, ಚಿಲಕ ಹಾಕಲು ಗ್ರಿಲ್ಲಿನ ಸಂದಿಯಲ್ಲಿ ಕೈ ತೂರಿಸಬೇಕು. ಗ್ರಿಲ್ಲಿನ ಈಚೆ ಎರಡು ಇಂಚೂ ಉಳಿದಿಲ್ಲದಿದ್ದರೆ ಚೌಕಟ್ಟಿನೊಳಗೆ ಬ್ಲೈಂಡ್ ಕೂರುವುದಿಲ್ಲ, ಗೋಡೆಯ ಮೇಲೇ ಹಾಕಬೇಕು. ಹಳೆಯ ಮನೆಗಳಲ್ಲಿ ಸರಳು ಹೊರಗೆ, ರೆಕ್ಕೆ ಒಳಕ್ಕೆ ತೆರೆಯುವ ಕಿಟಕಿ ಇರುತ್ತದೆ. ಇಲ್ಲಿ ಬ್ರಾಕೆಟ್ಟನ್ನು ರೆಕ್ಕೆಯ ತಲೆಗಿಂತ ಕನಿಷ್ಠ ನಾಲ್ಕಿಂಚು ಮೇಲೆ ಹೊಡೆದು, ಮೇಲಕ್ಕೆ ಪೂರ್ತಿ ಸುತ್ತಿಕೊಳ್ಳುವ ರೋಲರ್ ಹಾಕಬೇಕು. ವೆನಿಷಿಯನ್ ಎತ್ತಿದಾಗಲೂ ಅದರ ಪಟ್ಟಿಗಳ ಕಟ್ಟು ಕೆಳಗೆ ಜೋತಿರುತ್ತದೆ, ಐದಡಿ ಎತ್ತರದ್ದಾದರೆ ಹಲವು ಇಂಚಿನ ಕಟ್ಟು. ರೆಕ್ಕೆ ಅದಕ್ಕೆ ಬಡಿದು ಪಟ್ಟಿ ಬಗ್ಗುತ್ತದೆ.

ಅಪಾರ್ಟ್‌ಮೆಂಟುಗಳ ಯುಪಿವಿಸಿ ಸ್ಲೈಡಿಂಗ್ ಕಿಟಕಿಯಲ್ಲಿ ಸೊಳ್ಳೆಪರದೆಯ ಹಳಿ ಯಾವ ಕಡೆ ಇದೆ, ಹಿಡಿ ಎಷ್ಟು ಮುಂದೆ ಚಾಚಿದೆ ಎಂದು ನೋಡಬೇಕು. ಹಿಡಿಗೆ ಬಟ್ಟೆ ಉಜ್ಜಿದರೆ ಅದೇ ಜಾಗದಲ್ಲಿ ಲೇಪ ಏಳುತ್ತದೆ. ರೋಲರ್ ಬ್ಲೈಂಡಿನಲ್ಲಿ ಇದಕ್ಕೊಂದು ಸುಲಭದ ದಾರಿ ಇದೆ. ಸಾಮಾನ್ಯವಾಗಿ ಬಟ್ಟೆ ಕೊಳವೆಯ ಹಿಂಬದಿಯಿಂದ, ಗಾಜಿಗೆ ಹತ್ತಿರವಾಗಿ ಇಳಿಯುತ್ತದೆ. ‘ರಿವರ್ಸ್ ರೋಲ್’ ಕೇಳಿದರೆ ಕೊಳವೆಯ ಮುಂಬದಿಯಿಂದ ಇಳಿಯುತ್ತದೆ, ಹಿಡಿ, ಚಿಲಕ, ಗ್ರಿಲ್ಲಿನ ಹೂವು ಎಲ್ಲವನ್ನೂ ದಾಟಿಕೊಳ್ಳುತ್ತದೆ. ಬದಲಿಗೆ ಬಟ್ಟೆ ಗಾಜಿನಿಂದ ದೂರವಾದಷ್ಟೂ ಅಂಚಿನಲ್ಲಿ ಬೆಳಕು ಹೆಚ್ಚು ನುಸುಳುತ್ತದೆ. ಹಾಗಾಗಿ ಮಲಗುವ ಕೋಣೆಗೆ ಇದನ್ನು ಯೋಚಿಸಿ ಹೇಳಿ.

ಚೌಕಟ್ಟಿನೊಳಗೆ ಬೇಕಾಗುವ ಆಳ ಸುಮಾರಾಗಿ ಹೀಗೆ: ರೋಲರ್‌ಗೆ ಮೂರಿಂಚು, 25 ಮಿಲಿಮೀಟರ್ ಪಟ್ಟಿಯ ವೆನಿಷಿಯನ್‌ಗೆ ಒಂದೂವರೆಯಿಂದ ಎರಡಿಂಚು, 50 ಮಿಲಿಮೀಟರ್ ಮರದ ಪಟ್ಟಿಗೆ ಮೂರಿಂಚು. ಝೀಬ್ರಾದಲ್ಲಿ ಬಟ್ಟೆ ಎರಡು ಪದರ ಇರುವುದರಿಂದ ಸುತ್ತಿದಾಗ ಸುರುಳಿ ದಪ್ಪ, ಮೇಲಿನ ಡಬ್ಬಿಯೂ ಸೇರಿದರೆ ಮೂರೂವರೆ ಇಂಚು ಇಟ್ಟುಕೊಳ್ಳಿ.

ಮಲಗುವ ಕೋಣೆ

ಬ್ಲ್ಯಾಕೌಟ್ ಬಟ್ಟೆ ಕೊಂಡರೂ ಕತ್ತಲಾಗಲಿಲ್ಲ ಎನ್ನುವ ದೂರಿನಲ್ಲಿ ಬಟ್ಟೆಯ ತಪ್ಪು ಅಪರೂಪ, ಅಳತೆಯ ತಪ್ಪೇ ಹೆಚ್ಚು. ರೋಲರ್ ಬ್ಲೈಂಡಿನ ಎರಡು ತುದಿಯ ಬ್ರಾಕೆಟ್ಟು ಮತ್ತು ಸರಪಳಿ ಎಳೆದಾಗ ಕೊಳವೆಯನ್ನು ತಿರುಗಿಸಿ ಹಿಡಿದಿಡುವ ಕ್ಲಚ್ಚಿಗೆ ಜಾಗ ಬೇಕು. ಅದಕ್ಕಾಗಿ ಬಟ್ಟೆಯನ್ನು ಒಟ್ಟು ಅಗಲಕ್ಕಿಂತ 30ರಿಂದ 40 ಮಿಲಿಮೀಟರ್ ಕಡಿಮೆ ಕತ್ತರಿಸುತ್ತಾರೆ. ಚೌಕಟ್ಟಿನೊಳಗೆ ಕೂರಿಸಿದರೆ ಎರಡೂ ಬದಿಯಲ್ಲಿ ಬೆರಳಗಲದ ಸಂದಿ ಉಳಿಯುತ್ತದೆ. ಪೂರ್ವದ ಕಿಟಕಿಯಾದರೆ ಸೂರ್ಯ ಹುಟ್ಟುತ್ತಲೇ ಆ ಸಂದಿಯಿಂದ ಎರಡು ಉದ್ದ ಗೆರೆಗಳು ಹಾಸಿಗೆಯವರೆಗೂ ಬರುತ್ತವೆ.

ಆದ್ದರಿಂದ ಮಲಗುವ ಕೋಣೆಗೆ ಗೋಡೆಯ ಮೇಲೆ, ಕಿಟಕಿಗಿಂತ ಎರಡೂ ಬದಿಗೆ ನಾಲ್ಕಿಂಚು, ಮೇಲೆ ನಾಲ್ಕಿಂಚು, ಕೆಳಗೆ ನಾಲ್ಕಿಂಚು ಹೆಚ್ಚಿಟ್ಟು ಹಾಕಿಸಿ. ಬಿಲ್ಲೂ ಹೆಚ್ಚಾಗುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. 4 ಅಡಿ ಅಗಲ 5 ಅಡಿ ಎತ್ತರದ ಕಿಟಕಿ ಒಳಗೆ ಹಾಕಿದರೆ 20 ಚದರಡಿ. ಹೊರಗೆ ಹಾಕಿದರೆ 56 ಇಂಚು ಅಗಲ, 68 ಇಂಚು ಎತ್ತರ. ಗುಣಿಸಿ 144ರಿಂದ ಭಾಗಿಸಿದರೆ 26.4 ಚದರಡಿ, ಅಂದರೆ ಮೂರನೇ ಒಂದು ಭಾಗ ಜಾಸ್ತಿ. ಈ ಹಣ ದಂಡವಲ್ಲ, ಇದನ್ನು ಉಳಿಸಲು ಹೋಗಿ ಬ್ಲ್ಯಾಕೌಟ್ ಬಟ್ಟೆಯನ್ನು ಚೌಕಟ್ಟಿನೊಳಗೆ ಹಾಕುವುದೇ ದಂಡ.

ಇನ್ನು ಗಾಳಿ. ಕಿಟಕಿ ತೆರೆದು ಫ್ಯಾನ್ ಹಾಕಿ ಮಲಗುವ ಮನೆಗಳಲ್ಲಿ ಬ್ಲ್ಯಾಕೌಟ್ ರೋಲರ್ ಪೂರ್ತಿ ಇಳಿಸಿದರೆ ಗಾಳಿ ನಿಂತುಹೋಗುತ್ತದೆ. ಹೊರಗೆ ಗಾಳಿ ಜೋರಾದರೆ ಕೆಳಗಿನ ಅಲ್ಯುಮಿನಿಯಂ ಪಟ್ಟಿ ರಾತ್ರಿಯಿಡೀ ಗ್ರಿಲ್ಲಿಗೆ ಟಕ ಟಕ ಬಡಿಯುತ್ತದೆ. ಎಸಿ ಹಾಕಿ ಕಿಟಕಿ ಮುಚ್ಚಿ ಮಲಗುವವರಿಗೆ ರೋಲರ್ ಸರಿ. ಗಾಳಿ ಬೇಕೇಬೇಕು ಎನ್ನುವವರು 50 ಮಿಲಿಮೀಟರ್ ಪಟ್ಟಿಯ ವೆನಿಷಿಯನ್ ಹಾಕಿ, ಪಟ್ಟಿಯ ಒಳ ಅಂಚು ಮೇಲಕ್ಕೆ ಬರುವಂತೆ ಓರೆ ಮಾಡಿಡಲಿ. ಒಂದಷ್ಟು ಬೆಳಕು ಬರುತ್ತದೆ, ಆದರೆ ಅದು ಚಾವಣಿಗೆ ಹೋಗುತ್ತದೆ, ಕಣ್ಣಿಗಲ್ಲ. ಇದರ ಮೇಲೆ ದಪ್ಪ ಪರದೆಯೊಂದಿದ್ದರೆ ಎರಡೂ ಕೆಲಸವಾದವು.

ಝೀಬ್ರಾ ಬ್ಲೈಂಡನ್ನು ಮಲಗುವ ಕೋಣೆಗೆ ಒಪ್ಪಿಸುವ ಅಂಗಡಿಗಳು ಬಹಳ. ನೋಡಲು ಚೆಂದ, ನಿಜ. ಒಂದು ದಪ್ಪ ಪಟ್ಟೆ, ಒಂದು ಜಾಲರಿ ಪಟ್ಟೆ ಇರುವ ಎರಡು ಪದರ ಒಂದರ ಹಿಂದೊಂದು ಸರಿದು ಬೆಳಕು ಹೆಚ್ಚು ಕಡಿಮೆಯಾಗುತ್ತದೆ. ಆದರೆ ಮುಚ್ಚಿದ ಸ್ಥಿತಿಯಲ್ಲೂ ಪಟ್ಟೆಗಳ ಅಂಚು ಸೇರುವ ಕಡೆ ಬೆಳಕು ಸೋರುತ್ತದೆ, ಎರಡು ಪದರದ ನಡುವಿನ ದೂಳು ತೆಗೆಯುವುದೂ ಕಷ್ಟ. ಹಾಲ್‌ಗೆ ಸರಿ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರ ಕೋಣೆಗೆ ಅಲ್ಲ.

ಮಕ್ಕಳ ಕೋಣೆಯಲ್ಲಿ ಬಟ್ಟೆಗಿಂತ ಮುಖ್ಯ ಸರಪಳಿ. ಉರುಳಿನಂತೆ ಜೋತುಬಿದ್ದ ಹಗ್ಗ ಅಥವಾ ಮಣಿಸರಪಳಿ ಪುಟ್ಟ ಮಗುವಿನ ಕುತ್ತಿಗೆಗೆ ಸಿಕ್ಕಿದರೆ ನಿಮಿಷಗಳಲ್ಲಿ ಜೀವಕ್ಕೇ ಅಪಾಯ. ಸ್ಪ್ರಿಂಗಿನ, ಸರಪಳಿಯೇ ಇಲ್ಲದ ರೋಲರ್ ಕೇಳಿ. ಅದು ಸಿಗದಿದ್ದರೆ ಸರಪಳಿಯ ಕೆಳತುದಿ ನೆಲದಿಂದ ಐದಡಿಗಿಂತ ಮೇಲಿರುವಂತೆ ಮಾಡಿಸಿ, ಅಥವಾ ಸರಪಳಿಯನ್ನು ಬಿಗಿಯಾಗಿ ಗೋಡೆಗೆ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪನ್ನು ಸ್ಕ್ರೂ ಹಾಕಿ ಕೂರಿಸಿ. ಈ ಕ್ಲಿಪ್ ಬಹುತೇಕ ಪೆಟ್ಟಿಗೆಯ ಜೊತೆಗೇ ಬರುತ್ತದೆ, ಹಾಕಲು ಬಂದವರು ಅದನ್ನು ಕಿಟಕಿ ಕಟ್ಟೆಯ ಮೇಲೆ ಬಿಟ್ಟು ಹೋಗುತ್ತಾರೆ. ತೊಟ್ಟಿಲು, ಮಂಚ, ಸ್ಟೂಲು ಯಾವುದೂ ಕಿಟಕಿಯ ಪಕ್ಕ ಬೇಡ.

ಹಾಲ್ ಮತ್ತು ಬಾಲ್ಕನಿ ಬಾಗಿಲು

ಹಗಲಲ್ಲಿ ಹೊರಗೆ ಕಾಣಬೇಕು, ಹೊರಗಿನವರಿಗೆ ಒಳಗೆ ಕಾಣಬಾರದು ಎನ್ನುವುದು ಹಾಲ್‌ನ ಬೇಡಿಕೆ. ಇದಕ್ಕೆ ಸನ್‌ಸ್ಕ್ರೀನ್ ಬಟ್ಟೆ ಇದೆ. ಅದರ ಮೇಲೆ 1, 3, 5, 10 ಶೇಕಡಾ ಎಂದು ಬರೆದಿರುತ್ತದೆ. ಅದು ನೇಯ್ಗೆಯಲ್ಲಿ ತೂತಿನ ಪಾಲು ಎಷ್ಟು ಎಂಬುದರ ಲೆಕ್ಕ. ಪಶ್ಚಿಮಕ್ಕೆ 3, ದಕ್ಷಿಣ ಪೂರ್ವಗಳಿಗೆ 5, ಉತ್ತರಕ್ಕೆ 10 ಇದ್ದರೆ ಬಹುಪಾಲು ಮನೆಗಳಿಗೆ ಸರಿಹೋಗುತ್ತದೆ. ಬಣ್ಣದ ವಿಷಯದಲ್ಲಿ ಎಲ್ಲರೂ ಎಡವುವುದು ಇಲ್ಲಿ: ತಿಳಿ ಬಣ್ಣದ ಬಟ್ಟೆ ಬಿಸಿಲು ಬಿದ್ದಾಗ ತಾನೇ ಬೆಳಗುತ್ತದೆ, ಆಚೆಯದು ಮಸುಕಾಗುತ್ತದೆ. ಗಾಢ ಬೂದು ಅಥವಾ ಕಂದು ಬಣ್ಣದಲ್ಲಿ ಹೊರಗಿನ ನೋಟ ಸ್ಪಷ್ಟ, ಆದರೆ ಕಾವು ಹೀರುತ್ತದೆ. ಒಂದು ಮುಖ ಬಿಳಿ, ಒಂದು ಮುಖ ಗಾಢ ಇರುವ ಬಟ್ಟೆ ಸಿಕ್ಕಿದರೆ ಬಿಳಿ ಮುಖವನ್ನು ಗಾಜಿನ ಕಡೆಗೆ ಹಾಕಿಸಿ.

ಒಂದು ಎಚ್ಚರ. ಸನ್‌ಸ್ಕ್ರೀನ್ ಮರೆ ಹಗಲಿಗೆ ಮಾತ್ರ. ಸಂಜೆ ಒಳಗೆ ಲೈಟು ಹಾಕಿದ ಕೂಡಲೇ ಎದುರಿನ ಫ್ಲಾಟಿನವರಿಗೆ ನಿಮ್ಮ ಟಿವಿಯಲ್ಲಿ ಏನು ಓಡುತ್ತಿದೆ ಎಂಬುದೂ ಕಾಣುತ್ತದೆ. ರಸ್ತೆಗೋ ಎದುರು ಕಟ್ಟಡಕ್ಕೋ ಮುಖ ಮಾಡಿದ ಹಾಲ್ ಆದರೆ ಇದರ ಜೊತೆಗೊಂದು ಪರದೆ ಬೇಕೇಬೇಕು.

ಎಂಟು ಹತ್ತಡಿಯ ಸ್ಲೈಡಿಂಗ್ ಬಾಗಿಲಿಗೆ ಒಂದೇ ರೋಲರ್ ಹಾಕಬೇಡಿ. ಉದ್ದ ಕೊಳವೆ ನಡುವೆ ಬಾಗುತ್ತದೆ, ಬಟ್ಟೆಯಲ್ಲಿ ಓರೆ ನೆರಿಗೆ ಬೀಳುತ್ತದೆ, ಬಾಗಿಲು ದಾಟಬೇಕಾದಾಗಲೆಲ್ಲ ಇಡೀ ಬ್ಲೈಂಡ್ ಎತ್ತಬೇಕು. ಎರಡೋ ಮೂರೋ ಭಾಗ ಮಾಡಿ, ಭಾಗ ಸೇರುವ ಜಾಗ ಬಾಗಿಲಿನ ಚೌಕಟ್ಟಿನ ಉದ್ದಕಂಬಕ್ಕೆ ಸರಿಯಾಗಿ ಬರುವಂತೆ ನೋಡಿಕೊಳ್ಳಿ, ನಡುವಿನ ಸಂದಿ ಕಣ್ಣಿಗೆ ಹೊಡೆಯುವುದಿಲ್ಲ. ಓಡಾಟ ಹೆಚ್ಚಿದ್ದರೆ ವರ್ಟಿಕಲ್ ಬ್ಲೈಂಡೇ ವಾಸಿ, ಬದಿಗೆ ಸರಿಸಿದರೆ ಮುಗಿಯಿತು. ಪಟ್ಟಿಗಳೆಲ್ಲ ಒಂದೆಡೆ ಕೂಡಿದಾಗ ಅಡಿಗಟ್ಟಲೆ ಜಾಗ ಹಿಡಿಯುತ್ತವೆ. ಬಾಗಿಲಿನ ಯಾವ ಭಾಗ ತೆರೆಯುವುದಿಲ್ಲವೋ ಆ ಕಡೆಗೆ ಅವು ಕೂಡುವಂತೆ ಆರ್ಡರ್‌ನಲ್ಲೇ ಬರೆಸಿ. ಪಟ್ಟಿಗಳ ಬುಡ ಜೋಡಿಸುವ ಸಣ್ಣ ಮಣಿಸರ ಇದರ ದುರ್ಬಲ ಜಾಗ. ಬೆಕ್ಕಿಗೂ ಅಂಬೆಗಾಲಿನ ಮಗುವಿಗೂ ಅದೇ ಆಟಿಕೆ. ಬಿಡಿ ಮಣಿಸರ ಹತ್ತಡಿ ಹೆಚ್ಚುವರಿ ತೆಗೆದಿಟ್ಟುಕೊಳ್ಳಿ.

ಮನೆಯಿಂದಲೇ ಕೆಲಸ ಮಾಡುವವರು ಕಂಪ್ಯೂಟರ್ ಪರದೆಯನ್ನು ಕಿಟಕಿಗೆ ಅಡ್ಡಲಾಗಿ, ಅಂದರೆ ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಬರುವಂತೆ ಇಟ್ಟುಕೊಂಡು 3 ಶೇಕಡಾ ಗಾಢ ಬಟ್ಟೆ ಹಾಕಿದರೆ ಸಾಕು. ಕಿಟಕಿ ಬೆನ್ನ ಹಿಂದಿದ್ದರೆ ಯಾವ ಸನ್‌ಸ್ಕ್ರೀನ್ ಬಟ್ಟೆಯೂ ಪ್ರತಿಬಿಂಬವನ್ನು ಪೂರ್ತಿ ನಿಲ್ಲಿಸುವುದಿಲ್ಲ.

ಅಡುಗೆಮನೆ, ಬಚ್ಚಲು, ದೇವರ ಮನೆ

ಒಗ್ಗರಣೆಯ ಎಣ್ಣೆ ಗಾಳಿಯಲ್ಲಿ ತೇಲಿ ಕೂರುತ್ತದೆ, ಅದರ ಮೇಲೆ ದೂಳು ಕೂರುತ್ತದೆ, ಎರಡೂ ಸೇರಿ ಕಂದು ಮೇಣದಂತಾಗುತ್ತವೆ. ಬಟ್ಟೆ ಯಾವುದೇ ಇರಲಿ, ಅಡುಗೆಮನೆಗೆ ಬೇಡ. 25 ಮಿಲಿಮೀಟರ್ ಅಲ್ಯುಮಿನಿಯಂ ಪಟ್ಟಿ ಅಥವಾ ಪಿವಿಸಿ ಪಟ್ಟಿ ಹಾಕಿ. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಬೆರೆಸಿ, ಪಟ್ಟಿ ಮುಚ್ಚಿದ ಸ್ಥಿತಿಯಲ್ಲಿ ಒರೆಸಿ, ಮತ್ತೊಂದು ಮುಖಕ್ಕೆ ತಿರುಗಿಸಿ ಒರೆಸಿ. ಸ್ಟೀಲ್ ನಾರು ತಾಗಿಸಬೇಡಿ, ಬಣ್ಣ ಏಳುತ್ತದೆ.

ಒಲೆಯೇ ಕಿಟಕಿಯ ಕೆಳಗಿದ್ದರೆ ಬ್ಲೈಂಡಿನ ಯೋಚನೆಯನ್ನೇ ಬಿಡಿ. ಬೆಂಕಿಯ ಅಪಾಯ ಒಂದು ಕಡೆ, ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಪಟ್ಟಿಗಳು ಎಳೆದುಕೊಂಡು ಬಡಿಯುವುದು ಇನ್ನೊಂದು ಕಡೆ. ಗಾಜಿನ ಕೆಳ ಅರ್ಧಕ್ಕೆ ಮಬ್ಬು ಫಿಲ್ಮ್ ಅಂಟಿಸಿದರೆ ಮರೆಯಾಯಿತು, ಬೆಳಕೂ ಬಂತು. ಬಚ್ಚಲಿನ ಸಣ್ಣ ಕಿಟಕಿಗೂ ಇದೇ ಫಿಲ್ಮ್ ಸಾಕು. ದೇವರ ಮನೆಯಲ್ಲಿ ದೀಪದ ಹತ್ತಿರ ಯಾವ ಬಟ್ಟೆಯ ಬ್ಲೈಂಡೂ ಬೇಡ, ಊದುಬತ್ತಿಯ ಹೊಗೆಗೂ ಅದು ಬೇಗ ಕಪ್ಪಾಗುತ್ತದೆ.

ಮಳೆ ಮತ್ತು ಉಪ್ಪುಗಾಳಿಯ ಊರುಗಳಲ್ಲಿ

ಮಲೆನಾಡು ಕರಾವಳಿಯಲ್ಲಿ ಆಯ್ಕೆಯನ್ನು ಬಿಸಿಲಿಗಿಂತ ಜುಲೈ ತಿಂಗಳ ಮಳೆ ನಿರ್ಧರಿಸಬೇಕು. ಮಡಿಕೆ ಮಡಿಕೆಯಾಗಿ ಮೇಲೇರುವ ಹತ್ತಿಯ ರೋಮನ್ ಬ್ಲೈಂಡ್ ತೇವ ಹೀರಿ ಮಡಿಕೆಗಳಲ್ಲಿ ಬೂಷ್ಟು ಹಿಡಿಯುತ್ತದೆ, ಒಗೆದರೆ ಕುಗ್ಗುತ್ತದೆ. ಬಟ್ಟೆಗೆ ಅಂಟು ಹಾಕಿ ಕೂರಿಸಿದ ಬ್ಲ್ಯಾಕೌಟ್ ಲೇಪವೂ ಬುರುಗು ಎದ್ದು ಬಿಡುತ್ತದೆ. ಇಲ್ಲಿ ಪಾಲಿಯೆಸ್ಟರ್ ರೋಲರ್ ಅಥವಾ ಪಿವಿಸಿ ಲೇಪದ ಸನ್‌ಸ್ಕ್ರೀನ್ ವಾಸಿ. ಒದ್ದೆಯಾದ ಬ್ಲೈಂಡನ್ನು ಎಂದೂ ಸುತ್ತಿಡಬೇಡಿ. ಇಳಿಬಿಟ್ಟು ಫ್ಯಾನ್ ಹಾಕಿ ಒಣಗಿಸಿದ ಮೇಲೆ ಸುತ್ತಿ, ಇಲ್ಲದಿದ್ದರೆ ವಾರದೊಳಗೆ ಕಪ್ಪು ಚುಕ್ಕೆ, ಅದು ಯಾವ ಸೋಪಿಗೂ ಹೋಗುವುದಿಲ್ಲ.

ಸಮುದ್ರದ ಹತ್ತಿರದ ಮನೆಗಳಲ್ಲಿ ಅಲ್ಯುಮಿನಿಯಂ ಪಟ್ಟಿಗೆ ತುಕ್ಕು ಬಾರದಿದ್ದರೂ ಅದನ್ನು ಹೊರುವ ಮೇಲಿನ ತಲೆಪಟ್ಟಿ ಹಲವು ಸಲ ಕಬ್ಬಿಣದ್ದು, ಸ್ಕ್ರೂಗಳಂತೂ ಕಬ್ಬಿಣದವೇ. ಸ್ಕ್ರೂ ಮಾತ್ರ ಸ್ಟೇನ್‌ಲೆಸ್ ಸ್ಟೀಲಿನದು ಬೇಕೆಂದು ಹೇಳಿ, ಖರ್ಚು ಅಂಥದ್ದೇನೂ ಅಲ್ಲ. ಜಗಲಿಗೆ ಹಾಕುವ ಬಿದಿರಿನ ಚಿಕ್‌ಗೆ ಕುಟ್ಟೆ ಹಿಡಿಯುತ್ತದೆ. ನೆಲದಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಅದೇ ಗುರುತು. ಕೊಳ್ಳುವಾಗ ಬಿದಿರನ್ನು ಔಷಧ ಹಾಕಿ ಸಂಸ್ಕರಿಸಿದೆಯೇ ಕೇಳಿ, ಮಳೆಗಾಲಕ್ಕೆ ಮುಂಚೆ ಬಿಚ್ಚಿ ಒಣ ಜಾಗದಲ್ಲಿಡಿ. ಎರಚಲು ಮಳೆ ತಡೆಯಲು ಹಿಂದೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದ ಜಾಗಕ್ಕೆ ಈಗ ದಪ್ಪ ಪಿವಿಸಿ ಬ್ಲೈಂಡ್ ಬಂದಿದೆ. ಅದನ್ನು ಹಾಕಿದರೆ ಎರಡು ಬದಿಗೂ ತಂತಿಯ ಅಥವಾ ಹಳಿಯ ಆಧಾರ ಇರಲಿ, ಕೆಳಗೆ ಕಟ್ಟಲು ಕೊಂಡಿ ಇರಲಿ. ಇಲ್ಲದಿದ್ದರೆ ಮೊದಲ ಬಿರುಗಾಳಿಗೇ ಕೆಳಗಿನ ಪೈಪು ಎದ್ದು ಗಾಜಿಗೆ ಹೊಡೆಯುತ್ತದೆ.

ಅಳತೆ

ಬಟ್ಟೆಯ ಟೇಪು ಬೇಡ, ಸ್ಟೀಲ್ ಟೇಪು ಹಿಡಿಯಿರಿ, ಮಿಲಿಮೀಟರ್‌ನಲ್ಲಿ ಬರೆಯಿರಿ. ಚೌಕಟ್ಟಿನೊಳಗೆ ಹಾಕುವುದಾದರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಎಲ್ಲಕ್ಕಿಂತ ಕಡಿಮೆಯದನ್ನು ತೆಗೆದುಕೊಳ್ಳಿ. ಗಾರೆ ಮಾಡಿದ ಚೌಕಟ್ಟು ಮೇಲೆ ಕೆಳಗೆ ಅರ್ಧ ಇಂಚು ವ್ಯತ್ಯಾಸ ಬರುವುದು ಮಾಮೂಲಿ. ಎತ್ತರವನ್ನೂ ಮೂರು ಕಡೆ ಅಳೆಯಿರಿ: ರೋಲರ್‌ಗೆ ಹೆಚ್ಚಿನದು, ಯಾಕೆಂದರೆ ಮಿಕ್ಕ ಬಟ್ಟೆ ಸುರುಳಿಯಲ್ಲೇ ಉಳಿಯುತ್ತದೆ. ವೆನಿಷಿಯನ್‌ಗೆ ಕಡಿಮೆಯದು, ಇಲ್ಲವಾದರೆ ಕೆಳಪಟ್ಟಿ ಕಟ್ಟೆಗೆ ಕೂತು ಪಟ್ಟಿಗಳು ಸರಿಯಾಗಿ ಮುಚ್ಚುವುದಿಲ್ಲ. ಆಮೇಲೆ ಎರಡು ಮೂಲೆಗೆರೆಗಳನ್ನು ಅಳೆಯಿರಿ. ಅವುಗಳ ನಡುವೆ ಆರೇಳು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಿಟಕಿ ಸೊಟ್ಟಗಿದೆ, ಗೋಡೆಯ ಮೇಲೆ ಹಾಕುವುದೇ ಕ್ಷೇಮ.

ಕೊಟ್ಟ ಅಳತೆ ಕಿಟಕಿಯದೋ ಬ್ಲೈಂಡಿನದೋ ಎಂದು ಸ್ಪಷ್ಟವಾಗಿ ಬರೆಸಿ. ನೀವು ಮೊದಲೇ ಹತ್ತು ಮಿಲಿಮೀಟರ್ ಕಳೆದು ಕೊಟ್ಟು, ತಯಾರಿಸುವವರೂ ಕಳೆದರೆ ಸಂದಿ ದುಪ್ಪಟ್ಟು. ಒಳಗೆ ಹಾಕುವುದಾದರೆ ಕಿಟಕಿಯ ಅಳತೆ ಇದ್ದಂತೆಯೇ ಕೊಟ್ಟು, ಕಳೆಯುವ ಕೆಲಸ ಅವರಿಗೇ ಬಿಡಿ. ಅಗಲ ಮೊದಲು, ಎತ್ತರ ಆಮೇಲೆ. ಇದನ್ನು ಅದಲು ಬದಲು ಬರೆದರೆ ಕತ್ತರಿಸಿದ ಬಟ್ಟೆ ಯಾರಿಗೂ ಬೇಡದ್ದಾಗುತ್ತದೆ. ಪ್ರತಿ ಕಿಟಕಿಗೂ ಸರಪಳಿ ಎಡಕ್ಕೋ ಬಲಕ್ಕೋ, ರೋಲ್ ಹಿಂದಿನದೋ ಮುಂದಿನದೋ, ಒಳಗೋ ಹೊರಗೋ ಎಂಬ ಮೂರೂ ಬಿಲ್ಲಿನಲ್ಲಿರಲಿ. ಸಣ್ಣ ಕಿಟಕಿಗೂ ಕನಿಷ್ಠ ಇಷ್ಟು ಚದರಡಿ ಎಂದು ಲೆಕ್ಕ ಹಿಡಿಯುವ ಪದ್ಧತಿ ಅನೇಕ ಅಂಗಡಿಗಳಲ್ಲಿದೆ, ಅದನ್ನೂ ಮೊದಲೇ ಕೇಳಿ.

ಬಟ್ಟೆ ಆರಿಸುವಾಗ ತುಂಡನ್ನು ಮನೆಗೆ ತಂದು ಅದೇ ಕಿಟಕಿಗೆ ಹಿಡಿದು ಬೆಳಗ್ಗೆ, ಮಧ್ಯಾಹ್ನ ನೋಡಿ. ಅಂಗಡಿಯ ಲೈಟಿನಲ್ಲಿ ಕೆನೆಯಂತೆ ಕಂಡದ್ದು ಬಿಸಿಲಿನಲ್ಲಿ ಹಳದಿ ಹೊಡೆಯಬಹುದು. ಬ್ಲ್ಯಾಕೌಟ್ ಆದರೆ ಹಿಂದಿನಿಂದ ಫೋನಿನ ಟಾರ್ಚ್ ಹಿಡಿಯಿರಿ. ಸೂಜಿಮೊನೆಯ ಚುಕ್ಕಿಗಳು ಕಂಡರೆ ಲೇಪ ತೆಳು. ನಾಲ್ಕಾರು ಸಲ ಗಟ್ಟಿಯಾಗಿ ಮಡಿಸಿ ಉಗುರಿನಿಂದ ಉಜ್ಜಿ, ಆಮೇಲೆ ಮತ್ತೆ ಟಾರ್ಚ್ ಹಿಡಿದು ನೋಡಿ.

ಕೂರಿಸುವುದು

ಕಿಟಕಿಯ ಮೇಲೆ ಆರಿಂಚಿನಷ್ಟು ಕಾಂಕ್ರೀಟ್ ಲಿಂಟಲ್ ಇರುತ್ತದೆ. ಸಾದಾ ಡ್ರಿಲ್ ಅಲ್ಲಿ ಮಸಿಯಾಗುವುದೇ ಹೊರತು ಒಳಗೆ ಇಳಿಯುವುದಿಲ್ಲ, ಹ್ಯಾಮರ್ ಡ್ರಿಲ್ ಬೇಕು. 6 ಮಿಲಿಮೀಟರ್ ಬಿಟ್, ಅದೇ ಅಳತೆಯ ಪ್ಲಗ್, 35 ಮಿಲಿಮೀಟರ್ ಸ್ಕ್ರೂ ಸಾಮಾನ್ಯ ಬ್ಲೈಂಡಿಗೆ ಸಾಕು. ಬಿಟ್ ಕಂಬಿಗೆ ತಾಗಿ ನಿಂತರೆ ಬಲ ಹಾಕದೆ ಅರ್ಧ ಇಂಚು ಪಕ್ಕಕ್ಕೆ ಹೋಗಿ. ಕಿಟಕಿ ಸುತ್ತ ಗ್ರಾನೈಟ್ ಪಟ್ಟಿ ಇದ್ದರೆ ಅದರ ಅಂಚಿನಲ್ಲಿ ಹ್ಯಾಮರ್ ಹೊಡೆದರೆ ಬಿರುಕು ಖಂಡಿತ, ಹ್ಯಾಮರ್ ಆಫ್ ಮಾಡಿ ಕಲ್ಲಿಗೆಂದೇ ಇರುವ ಬಿಟ್ಟಿನಿಂದ ನಿಧಾನವಾಗಿ, ನೀರು ಹನಿಸುತ್ತ ಕೊರೆಯಿರಿ. ಯುಪಿವಿಸಿ ಚೌಕಟ್ಟಿಗೆ ಸ್ಕ್ರೂ ಹೊಡೆಯಲೇಬೇಡಿ. ಕೆಂಪು ಕಲ್ಲಿನ ಹಳೆಯ ಗೋಡೆ ಪುಡಿಯಾಗಿ ಪ್ಲಗ್ ತಿರುಗುತ್ತಿದ್ದರೆ ಮೊದಲು ಮರದ ರೀಪನ್ನು 8 ಮಿಲಿಮೀಟರ್ ಪ್ಲಗ್, ಉದ್ದ ಸ್ಕ್ರೂಗಳಿಂದ ನಾಲ್ಕೈದು ಕಡೆ ಹಿಡಿಸಿ, ಬ್ರಾಕೆಟ್ಟನ್ನು ಅದಕ್ಕೆ ಹೊಡೆಯಿರಿ. ಜಿಪ್ಸಮ್ ಫಾಲ್ಸ್ ಸೀಲಿಂಗಿಗೆ ನೇತುಹಾಕುವ ಯೋಚನೆ ಇದ್ದರೆ ಸೀಲಿಂಗ್ ಮಾಡಿಸುವಾಗಲೇ ಆ ಜಾಗದಲ್ಲಿ ಪ್ಲೈವುಡ್ ಇಡಿಸಬೇಕು. ಮೇಲ್ಭಾಗ ಸೀಲಿಂಗಿನೊಳಗೆ ಮರೆಯಾಗಿ ಕೂರಲು ಬ್ಲೈಂಡ್ ಒಂದಕ್ಕೇ ಆರಿಂಚು ಅಗಲದ ಗುಂಡಿ ಬೇಕು, ಪರದೆಯೂ ಸೇರಿದರೆ ಎಂಟಿಂಚು.

ಬ್ರಾಕೆಟ್ ಎರಡಕ್ಕೂ ರಸಮಟ್ಟ ಇಟ್ಟು ಗುರುತು ಹಾಕಿ. ಕಿಟಕಿಯ ಅಂಚನ್ನೋ ಸೀಲಿಂಗನ್ನೋ ನೋಡಿ ಹಾಕಿದರೆ ಅವೇ ಸೊಟ್ಟಗಿರಬಹುದು.

ಆಮೇಲೆ ಬರುವ ತೊಂದರೆಗಳು

ರೋಲರ್ ಬಟ್ಟೆ ಮೇಲೇರುತ್ತ ಒಂದು ಬದಿಗೆ ಸರಿದು ಬ್ರಾಕೆಟ್ಟಿಗೆ ಉಜ್ಜುವುದು ಅತಿ ಸಾಮಾನ್ಯ. ಹಾಗೇ ಬಿಟ್ಟರೆ ಅಂಚಿನ ನೂಲು ಬಿಚ್ಚಿ ಬಟ್ಟೆ ಹಾಳು. ಮೊದಲು ಮಟ್ಟ ಪರೀಕ್ಷಿಸಿ. ಮಟ್ಟ ಸರಿಯಿದ್ದೂ ಸರಿಯುತ್ತಿದ್ದರೆ ಬ್ಲೈಂಡನ್ನು ಕೊಳವೆ ಕಾಣುವವರೆಗೆ ಪೂರ್ತಿ ಇಳಿಸಿ, ಬಟ್ಟೆ ಯಾವ ಬದಿಗೆ ಸರಿಯುತ್ತಿದೆಯೋ ಅದರ ಎದುರು ಬದಿಯಲ್ಲಿ ಕೊಳವೆಯ ಮೇಲೆ ಒಂದಿಂಚು ಮಾಸ್ಕಿಂಗ್ ಟೇಪ್ ಅಂಟಿಸಿ ಸುತ್ತಿ ನೋಡಿ. ಬಲಕ್ಕೆ ಸರಿಯುತ್ತಿದ್ದರೆ ಎಡಕ್ಕೆ ಟೇಪ್. ಟೇಪು ಅಂಟಿಸಿದ ಕಡೆ ಕೊಳವೆ ಕೂದಲೆಳೆಯಷ್ಟು ದಪ್ಪವಾಗಿ ಬಟ್ಟೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಸಾಲದಿದ್ದರೆ ಇನ್ನೊಂದು ಪದರ.

ಸರಪಳಿ ಎಳೆದರೂ ಬ್ಲೈಂಡ್ ಜಾರಿ ಇಳಿಯುತ್ತಿದ್ದರೆ ಕ್ಲಚ್ ಸವೆದಿದೆ. ಬಟ್ಟೆ ಬಿಸಾಡಬೇಡಿ, ಕ್ಲಚ್ ಒಂದನ್ನೇ ಬದಲಿಸಬಹುದು. ಕೊಳವೆಯ ಒಳ ಅಳತೆ ಹಿಡಿದುಕೊಂಡು ಹೋದರೆ ಹೊಂದುವುದು ಸಿಗುತ್ತದೆ. ವೆನಿಷಿಯನ್ ಓರೆಯಾಗಿ ಏರುತ್ತಿದ್ದರೆ ಹಗ್ಗಗಳಲ್ಲಿ ಒಂದು ತಲೆಪಟ್ಟಿಯ ಬೀಗದಲ್ಲಿ ಸಿಕ್ಕಿದೆ. ಹಗ್ಗವನ್ನು ಕಿಟಕಿಯ ನಡುವಿನ ಕಡೆಗೆ ಓರೆ ಎಳೆದು ಬೀಗ ಬಿಡಿಸಿ, ಪೂರ್ತಿ ಇಳಿಸಿ ಮತ್ತೆ ಎತ್ತಿ.

ತಿಂಗಳುಗಟ್ಟಲೆ ಸುತ್ತಿಯೇ ಇಟ್ಟ ಬ್ಲೈಂಡ್ ಹಲ್ಲಿಗೆ ಒಳ್ಳೆಯ ಮನೆ. ಸುರುಳಿಯ ಹಿಂದೆ ಮೊಟ್ಟೆ ಇಡುತ್ತದೆ, ಇಳಿಸಿದಾಗ ಬಟ್ಟೆಯುದ್ದಕ್ಕೂ ಕಲೆ. ಕಣಜಗಳು ತಲೆಪಟ್ಟಿಯ ತೆರೆದ ತುದಿಯಲ್ಲಿ ಮಣ್ಣಿನ ಗೂಡು ಕಟ್ಟಿ ಚಕ್ರಗಳನ್ನೇ ಜಾಮ್ ಮಾಡುತ್ತವೆ. ಬಳಸದ ಕೋಣೆಯ ಬ್ಲೈಂಡನ್ನೂ ವಾರಕ್ಕೊಮ್ಮೆ ಪೂರ್ತಿ ಇಳಿಸಿ, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಒರೆಸಿ, ತಲೆಪಟ್ಟಿಯ ತುದಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಇದೆಯೇ ನೋಡಿ. ಇಲ್ಲದಿದ್ದರೆ ಹಾಕಿದವರಿಂದಲೇ ಕೇಳಿ ಪಡೆಯಿರಿ.